ಸಾವೆ, ನವಣೆ ಹೊಲಕ್ಕೆ ಹೊದಿಕೆ ಮತ್ತು ಅಕ್ಕಡಿ: ಯಾವುದು ಮೊದಲು, ಯಾವುದು ಆಮೇಲೆ

"ಹುಲ್ಲು ಹಾಸಿದೆ, ಪೈರೇ ಏಳಲಿಲ್ಲ." "ಹೊದಿಕೆ ಹಾಕಿದ ಹದಿನೈದು ದಿನಕ್ಕೆ ನವಣೆ ಹಳದಿ ಆಯ್ತು." "ಗೆದ್ದಲು ಹತ್ತಿತು." "ಅಕ್ಕಡಿ ತೊಗರಿ ಚೆನ್ನಾಗಿ ಬಂತು, ಸಾವೆ ಕುಗ್ಗಿತು." ಹೊಸದುರ್ಗ, ಹೊಳಲ್ಕೆರೆ, ಜಗಳೂರು ಕಡೆ ಪ್ರತಿ ಮುಂಗಾರಿಗೂ ಇವೇ ಮಾತು. ಹೊದಿಕೆ ಅಂದರೆ ನೆಲದ ಮೇಲೆ ಹುಲ್ಲು, ಸೊಪ್ಪು, ಕಸ ಹಾಸುವುದು. ಅಕ್ಕಡಿ ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಇನ್ನೊಂದು ಬೆಳೆಯ ಸಾಲು. ಬಹಳ ಜನ ಎರಡನ್ನೂ ಒಂದು ವರ್ಷ ಮಾಡಿ ಕೈಬಿಡುತ್ತಾರೆ.

ಹೆಚ್ಚಿನ ಕಡೆ ತಪ್ಪುವುದು ಸರದಿ. ಬಿತ್ತನೆಗೆ ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡುತ್ತಾರೆ, ತಿಂಗಳು ಕಳೆದ ಮೇಲೆ ಮಾಡಬೇಕಾದ್ದನ್ನು ಮೊದಲ ದಿನವೇ ಮಾಡುತ್ತಾರೆ. ನಾನೂ ಹಾಗೇ ಮಾಡಿದವನು. ಸಾವೆ ಬಿತ್ತಿದ ಮಾರನೇ ದಿನವೇ ಒಂದು ಎಕರೆಗೆ ಭತ್ತದ ಹುಲ್ಲು ಹಾಸಿದ್ದೆ. ಹುಲ್ಲು ದಪ್ಪ ಬಿದ್ದಲ್ಲಿ ಮೊಳಕೆ ಬೆಳ್ಳಗೆ ಬಳುಕಿ ಸತ್ತಿತು. ತೆಳ್ಳಗೆ ಬಿದ್ದಲ್ಲಿ ಆಷಾಢದ ಗಾಳಿ ಹುಲ್ಲನ್ನೇ ಎತ್ತಿಕೊಂಡು ಹೋಯಿತು. ಬದುವಿನ ಮೇಲೆ ನಿಂತ ಪಕ್ಕದ ಹೊಲದ ಹಿರಿಯರು, "ಏನಪ್ಪಾ, ನಿನ್ನ ಹುಲ್ಲೆಲ್ಲ ನಮ್ಮ ಹೊಲಕ್ಕೆ ಬಂದೈತೆ, ಬೀಜನೂ ಒಂದಿಷ್ಟು ಕಳಿಸು" ಅಂದರು.

ಕೆಳಗಿರುವುದು ಮಳೆಯಾಶ್ರಿತ ಕೆಂಪು ಮಸಬು ನೆಲಕ್ಕೆ ಹೊಂದುವ ಸರದಿ. ಎರೆ (ಕಪ್ಪು ಮಣ್ಣಿನ) ನೆಲದವರಿಗೆ ಬೇರೆ ಮಾಡಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಬೇಕಾದ ಸಾಮಾನು

ಬಿತ್ತುವ ಕೂರಿಗೆ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ, ಸಲಿಕೆ, ಕುಡುಗೋಲು, ಮಂಕರಿ ಹೇಗೂ ಮನೆಯಲ್ಲೇ ಇರುತ್ತವೆ. ಇವುಗಳ ಜೊತೆ ಎರಡೂ ಕಡೆ ಬಾಯಿ ತೆರೆದ, ಆರಿಂಚು ಅಗಲದ ಹಳೆ ಡಬ್ಬ ಒಂದು, ಒಂದು ಲೀಟರ್ ಬಾಟಲಿ, ಗಾಜಿನ ಲೋಟ, ಪೂರ್ತಿ ಹತ್ತಿಯ ಹಳೆ ಬನಿಯನ್ ಎರಡು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬನಿಯನ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ವರ್ಷ ಇಡೀ ಹೊಲಕ್ಕೆ ಕೈ ಹಾಕಬೇಡಿ. ನಾಲ್ಕೈದು ಗುಂಟೆ ಸಾಕು. ಪಕ್ಕದಲ್ಲೇ ಅಷ್ಟೇ ಜಾಗವನ್ನು ಹೊದಿಕೆಯಿಲ್ಲದೆ ಬಿಡಿ. ಹೋಲಿಸಿ ನೋಡಲು ಬೇರೆ ದಾರಿ ಇಲ್ಲ.

1. ಮೊದಲು ಮಣ್ಣು ನೋಡಿ

ಮುಂಗಾರಿನ ಒಂದು ಒಳ್ಳೆ ಮಳೆ ಬಿದ್ದ ಎರಡು ಮೂರು ದಿನಕ್ಕೆ, ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಿರಿ. ಮಣ್ಣನ್ನು ಚೀಲದ ಮೇಲೆ ಹರವಿ ಕೈಯಲ್ಲಿ ಪುಡಿ ಮಾಡುತ್ತಾ ಕಣ್ಣಿಗೆ ಕಂಡ ಜೀವಗಳನ್ನೆಲ್ಲ ಎಣಿಸಿ. ಎರೆಹುಳ, ಗೆದ್ದಲು, ಇರುವೆ, ಜರಿ, ದುಂಬಿಯ ಮರಿಹುಳ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊಲದ ಮೂರು ಕಡೆ ಹೀಗೆ ಮಾಡಿ ಬರೆದಿಡಿ.

ಇಲ್ಲಿ ಒಂದು ನಿರಾಸೆ ಕಾದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಣ ಕೆಮ್ಮಣ್ಣಿನಲ್ಲಿ ಎರೆಹುಳ ಒಂದೂ ಕಾಣದೆ ಇರಬಹುದು. ಹಾಗಂತ ಮಣ್ಣು ಸತ್ತಿದೆ ಅಂತಲ್ಲ. ಒಣ ನೆಲದಲ್ಲಿ ಎರೆಹುಳದ ಕೆಲಸವನ್ನು ಗೆದ್ದಲು, ಇರುವೆಗಳೇ ಮಾಡುತ್ತವೆ. ಮಣ್ಣಿಗೆ ತೂತು ಕೊರೆಯುತ್ತವೆ, ಕಸ ಒಳಗೆ ಎಳೆಯುತ್ತವೆ, ನೀರಿಗೆ ದಾರಿ ಮಾಡುತ್ತವೆ. ಅಡಿಕೆ ತೋಟದ ಎರೆಹುಳದ ಲೆಕ್ಕವನ್ನು ಸಾವೆ ಹೊಲಕ್ಕೆ ತರಬೇಡಿ.

ಆಮೇಲೆ ನೀರಿನ ಪರೀಕ್ಷೆ. ಡಬ್ಬವನ್ನು ಎರಡಿಂಚು ನೆಲಕ್ಕೆ ಇಳಿಸಿ, ಒಂದು ಲೀಟರ್ ನೀರು ಹೊಯ್ದು ಇಂಗಲು ಎಷ್ಟು ನಿಮಿಷ ಬೇಕು ನೋಡಿ. ಆರಿಂಚಿನ ಡಬ್ಬಕ್ಕೆ ಒಂದು ಲೀಟರ್ ಅಂದರೆ ಸುಮಾರು ಎರಡಿಂಚು ಮಳೆ ಬಿದ್ದ ಹಾಗೆ. ಮೊದಲ ಲೀಟರ್ ಮಣ್ಣು ನೆನೆಸಲು ಮಾತ್ರ, ಎರಡನೇ ಲೀಟರಿನ ಹೊತ್ತನ್ನು ಬರೆದುಕೊಳ್ಳಿ.

ಮೂರನೆಯದು ಹೆಂಟೆ ಪರೀಕ್ಷೆ. ನೆರಳಲ್ಲಿ ಒಣಗಿಸಿದ ಅಡಿಕೆ ಗಾತ್ರದ ಮಣ್ಣಿನ ಹೆಂಟೆಯನ್ನು ನೀರಿರುವ ಲೋಟಕ್ಕೆ ಮೆಲ್ಲಗೆ ಬಿಡಿ. ನಿಮಿಷದೊಳಗೆ ಕರಗಿ ರಾಡಿಯಾದರೆ, ಮಣ್ಣಿನ ಕಣ ಹಿಡಿದಿಡುವ ಅಂಟು ಕಡಿಮೆ ಇದೆ ಅಂತ ಅರ್ಥ. ಆ ಅಂಟು ಬರುವುದು ಬೇರಿನಿಂದ, ಶಿಲೀಂಧ್ರದ ಎಳೆಗಳಿಂದ, ಬ್ಯಾಕ್ಟೀರಿಯಾ ಬಿಡುವ ಲೋಳೆಯಿಂದ. ಇಂಥ ನೆಲದ ಮೇಲೆ ದಪ್ಪ ಹನಿ ಬಿದ್ದು, ಬಿಸಿಲು ಬಂತೋ, ಮೇಲ್ಮಣ್ಣು ಹಪ್ಪಳದ ಹಾಗೆ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆ ಹಪ್ಪಳದ ಮೇಲೆ ಓಡಿ ಹಳ್ಳ ಸೇರುತ್ತದೆ.

2. ಹೊದಿಕೆ ಸಾಮಗ್ರಿ ಬಿತ್ತನೆಗೆ ಮೊದಲೇ ಕೂಡಿಡಿ

ಜುಲೈನಲ್ಲಿ ಹುಲ್ಲು ಹುಡುಕಲು ಹೊರಟರೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಜಾಸ್ತಿ. ಬೇಸಿಗೆಯಲ್ಲೇ ಬದುವಿನ ಪಕ್ಕ ಒಟ್ಟಿಡಿ.

ಎಷ್ಟು ಬೇಕು? ತೆಳುವಾಗಿ ನೆಲ ಮುಚ್ಚಲು ಒಂದು ಚದರ ಮೀಟರಿಗೆ ಅರ್ಧ ಕೆಜಿ ಒಣಹುಲ್ಲು. ಗುಂಟೆಗೆ 50 ಕೆಜಿ, ಎಕರೆಗೆ ಎರಡು ಟನ್. ಇದನ್ನು ಕೇಳಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ, ಅದು ಸರಿಯೇ. ನಮ್ಮವ್ವ ಕೇಳಿದ್ದೂ ಅದನ್ನೇ: "ದನ ಏನು ತಿನ್ಬೇಕು, ಮಣ್ಣು ತಿನ್ಬೇಕಾ?" ರಾಗಿ ಹುಲ್ಲು, ಸಾವೆ ಹುಲ್ಲು ಒಳ್ಳೆ ಮೇವು. ಅವನ್ನು ಹೊಲಕ್ಕೆ ಹಾಸಬೇಡಿ. ಮೂರನೇ ಒಂದು ಭಾಗ ಮಾತ್ರ ಮುಚ್ಚುವ ವಿಧಾನ ಮುಂದಿದೆ. ಅದಕ್ಕೆ ಎಕರೆಗೆ ಆರೇಳು ಕ್ವಿಂಟಾಲ್ ಸಾಕು.

ದಾವಣಗೆರೆ ಕಡೆಯವರಿಗೆ ಮೆಕ್ಕೆಜೋಳದ ರವದಿ, ದಂಟು ಧಾರಾಳ. ದಂಟನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಇಲ್ಲದಿದ್ದರೆ ಎಡೆಯಲ್ಲಿ, ಅಂದರೆ ಸಾಲುಗಳ ನಡುವಿನ ಜಾಗದಲ್ಲಿ, ಕೂರುವುದಿಲ್ಲ. ಚಳ್ಳಕೆರೆ ಕಡೆ ಶೇಂಗಾ ಹೊಟ್ಟು ಸಿಗುತ್ತದೆ. ಹಗುರ, ಗಾಳಿಗೆ ಹಾರುತ್ತದೆ, ಬೇರೆ ಕಸದ ಜೊತೆ ಬೆರೆಸಿ. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ ಕೊಳೆಯುವುದು ತುಂಬಾ ನಿಧಾನ. ಒಂದು ವರ್ಷ ರಾಶಿ ಹಾಕಿ, ಸಗಣಿ ನೀರು ಹೊಯ್ದು ಹಳತು ಮಾಡಿ ಬಳಸಿ. ಬದುವಿನ ಗೊಬ್ಬರದ ಗಿಡ, ಹೊಂಗೆ, ತಂಗಡಿ ಸೊಪ್ಪು ಎಲ್ಲಕ್ಕಿಂತ ಮೇಲು.

ಸೊಪ್ಪು ಯಾಕೆ ಮೇಲು? ಒಣಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಇಂಗಾಲ ಅರವತ್ತು, ಎಂಬತ್ತು ಪಾಲು ಇರುತ್ತದೆ. ಸೂಕ್ಷ್ಮಜೀವಿಗಳಿಗೆ ಇಪ್ಪತ್ತೈದರ ಆಸುಪಾಸು ಇದ್ದರೆ ಹದವಾದ ಊಟ. ಕಮ್ಮಿ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಪೈರಿಗೆ ಉಪವಾಸ. ಹಳದಿ ಬಣ್ಣ ಬರುವುದು ಹೀಗೆ. ಎರಡು ಮಂಕರಿ ಒಣಹುಲ್ಲಿಗೆ ಒಂದು ಮಂಕರಿ ಸೊಪ್ಪು ಸೇರಿಸಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ.

ಬೇಡವಾದವು ಎರಡು. ಹೂ ಬಿಟ್ಟ ಕಾಂಗ್ರೆಸ್ ಕಳೆ, ಬೀಜವನ್ನು ನೀವೇ ಬಿತ್ತಿದ ಹಾಗಾಗುತ್ತದೆ. ಇನ್ನೊಂದು, ಕಳೆನಾಶಕ ಹೊಡೆದು ಒಣಗಿಸಿದ ಯಾವುದೇ ಹುಲ್ಲು.

3. ಅಕ್ಕಡಿ ಸಾಲು ಲೆಕ್ಕ ಹಾಕಿ

ನವಣೆಗೆ ಐದು ಸಾಲಿಗೆ ಒಂದು ಸಾಲು ತೊಗರಿ. ರಾಗಿಗೆ ಎಂಟು ಸಾಲಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಸಾವೆಗೆ ಎರಡು ಸಾಲಿಗೆ ಒಂದು ತೊಗರಿ ಅಂತ ಹೇಳುವುದುಂಟು. ಮಳೆ ಕಡಿಮೆ ಇರುವ ಕಡೆ ಅದು ನನಗೆ ಇಕ್ಕಟ್ಟು ಅನ್ನಿಸುತ್ತದೆ, ಐದಕ್ಕೊಂದೇ ಇಡುತ್ತೇನೆ. "ಸಾವೆ ಕುಗ್ಗಿತು" ಅನ್ನುವವರಲ್ಲಿ ಹೆಚ್ಚಿನವರು ಬೀಜ ಬೆರೆಸಿ ಚೆಲ್ಲಿದವರು. ಚೆಲ್ಲಿದರೆ ಎಡೆ ಹೊಡೆಯಲೂ ಆಗುವುದಿಲ್ಲ, ಹೊದಿಕೆ ಹಾಸಲೂ ಆಗುವುದಿಲ್ಲ.

ತೊಗರಿಯನ್ನೇ ಹೇಳುತ್ತಿರುವುದಕ್ಕೆ ಮಣ್ಣೇ ಕಾರಣ. ನಮ್ಮ ಮಣ್ಣಿನ ಕೆಂಪು ಕಬ್ಬಿಣದ್ದು. ರಂಜಕ ಈ ಕಬ್ಬಿಣಕ್ಕೆ ಅಂಟಿಕೊಂಡು ಕೂತುಬಿಡುತ್ತದೆ, ಹೆಚ್ಚಿನ ಬೆಳೆಗೆ ಎಟುಕುವುದಿಲ್ಲ. ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಟ್ಟು ಆ ಅಂಟನ್ನು ಬಿಡಿಸುತ್ತದೆ. ಸಾವೆ, ನವಣೆಯ ಬೇರು ಮೇಲ್ಮಣ್ಣಿನಲ್ಲಿ ಬಲೆಯ ಹಾಗೆ ಹರಡಿದರೆ, ತೊಗರಿ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಎರಡು ಬಗೆಯ ಬೇರಿಗೆ ಎರಡು ಬಗೆಯ ಜೀವಿಗಳ ಬಳಗ. ಬೇರಿಗೆ ಅಂಟಿ ಬದುಕುವ ಮೈಕೊರೈಜಾ ಶಿಲೀಂಧ್ರ ಎರಡರ ಬೇರಲ್ಲೂ ಮನೆ ಮಾಡುತ್ತದೆ, ಅದರ ಎಳೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ.

ರಾಗಿ ಹೊಲದಲ್ಲಿ ಸಾಸಿವೆ ಅಕ್ಕಡಿ ಹಾಕುವ ರೂಢಿ ಇದೆ ಅಲ್ವಾ? ಹಾಕಿ, ತಪ್ಪಿಲ್ಲ. ಆದರೆ ಸಾಸಿವೆ ಬೇರಿಗೆ ಮೈಕೊರೈಜಾ ಹತ್ತುವುದಿಲ್ಲ. ಅದು ಒಗ್ಗರಣೆಗೆ ಇರಲಿ, ಮಣ್ಣಿಗೆ ಅಂತ ಲೆಕ್ಕ ಇಡಬೇಡಿ.

ಹೋದ ವರ್ಷ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆದ ಹೊಲವಾಗಿದ್ದರೆ ಹುಷಾರು. ಅದರ ಉಳಿಕೆ ದ್ವಿದಳ ಬೆಳೆಗೆ ಆಗುವುದಿಲ್ಲ. ಒಂದು ಕುಂಡಕ್ಕೆ ಆ ಮಣ್ಣು ತುಂಬಿ ಹತ್ತು ತೊಗರಿ ಬೀಜ ಹಾಕಿ. ಎಲೆಯ ಅಂಚು ಸುಟ್ಟು ಸಸಿ ಸಾಯತೊಡಗಿದರೆ ಈ ವರ್ಷ ಅಲ್ಲಿ ಅಕ್ಕಡಿ ಬೇಡ.

4. ಬರೀ ನೆಲಕ್ಕೇ ಬಿತ್ತಿ

ಸಾವೆ, ನವಣೆ ಬೀಜ ಸಾಸಿವೆಯ ಹಾಗೆ ಸಣ್ಣದು. ಅದರೊಳಗಿನ ಬುತ್ತಿ ಎರಡು ಮೂರು ಸೆಂಟಿಮೀಟರ್ ಮಣ್ಣು ದಾಟಲು ಮಾತ್ರ ಸಾಕಾಗುತ್ತದೆ. ಅದರ ಮೇಲೆ ಹುಲ್ಲೂ ಇದ್ದರೆ ಬೆಳಕು ಕಾಣುವ ಮೊದಲೇ ಬುತ್ತಿ ಖಾಲಿ. ಅದಕ್ಕೇ ಬಿತ್ತನೆ ದಿನ ಹೊಲದಲ್ಲಿ ಹೊದಿಕೆ ಇರಕೂಡದು.

ತೊಗರಿ ಬೀಜಕ್ಕೆ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾ ಲೇಪಿಸಿ. ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ ಒಂದು. ಬೆಲ್ಲದ ನೀರಿನ ಅಂಟಿನಲ್ಲಿ ಕಲಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಶಿಲೀಂಧ್ರನಾಶಕ ಲೇಪಿಸುವವರು ಅದನ್ನು ಒಂದು ದಿನ ಮೊದಲೇ ಮುಗಿಸಿ. ಎರಡನ್ನೂ ಒಟ್ಟಿಗೆ ಕಲಸಿದರೆ ಪೊಟ್ಟಣದ ದುಡ್ಡು ದಂಡ. ಬಿಸಿಲಲ್ಲಿ ಕಾರಿನೊಳಗೆ, ಬೈಕಿನ ಬಾಕ್ಸಿನಲ್ಲಿ ಇಟ್ಟ ಪೊಟ್ಟಣವೂ ಅಷ್ಟೆ. ಒಳಗಿರುವುದು ಜೀವ.

ನವಣೆ ಎಕರೆಗೆ ಮೂರರಿಂದ ನಾಲ್ಕು ಕೆಜಿ ಸಾಕು. ಸಣ್ಣ ಬೀಜ ಕೂರಿಗೆಯಲ್ಲಿ ಒಂದೇ ಸಮ ಬೀಳಲು ಮರಳು ಬೆರೆಸಿಕೊಳ್ಳಿ. ಸಾಲಿನಿಂದ ಸಾಲಿಗೆ ಒಂದು ಅಡಿ. ತೊಗರಿಯನ್ನು ಬೇರೆಯಾಗಿ, ಸ್ವಲ್ಪ ಆಳಕ್ಕೆ ಬಿಡಿ.

ಬಿತ್ತಿದ ಮೇಲೆ ಬನಿಯನ್ ಹೂಳುವ ಕೆಲಸ. ಹೊದಿಕೆ ಹಾಸಲಿರುವ ಎಡೆಯಲ್ಲಿ ಒಂದು, ಬಿಟ್ಟಿರುವ ಜಾಗದಲ್ಲಿ ಒಂದು, ನಾಲ್ಕಿಂಚು ಆಳಕ್ಕೆ ಚಪ್ಪಟೆಯಾಗಿ ಹೂಳಿ. ಗುರುತಿಗೆ ಕೋಲು ನೆಡಿ. ಎಡೆಕುಂಟೆಗೆ ಸಿಗದ ಹಾಗೆ ಸಾಲಿನ ತುದಿಯಲ್ಲಿ ಹೂಳುವುದು ಜಾಣತನ. ನಾನು ನಡುವೆ ಹೂಳಿ ಮರೆತಿದ್ದೆ. ಎತ್ತು ಎಡೆ ಹೊಡೆಯುವಾಗ ಬನಿಯನ್ ಕುಂಟೆಗೆ ಸಿಕ್ಕಿಕೊಂಡು ಬಾವುಟದ ಹಾಗೆ ಹಿಂದೆ ಬಂತು.

5. ಎಡೆ ಹೊಡೆದು, ಕಳೆ ತೆಗೆದು, ಮಳೆಗೆ ಕಾಯಿರಿ

ಇಪ್ಪತ್ತರಿಂದ ಇಪ್ಪತ್ತೈದು ದಿನಕ್ಕೆ ಎಡೆಕುಂಟೆ. ಸಾಲೊಳಗಿನ ಕಳೆಯನ್ನು ಕೈಯಲ್ಲಿ ಕೀಳಿ. ದಟ್ಟ ಬಿದ್ದ ಕಡೆ ಪೈರು ತೆಳುಮಾಡಿ. ಇದನ್ನು ಬಿಟ್ಟು "ಹೊದಿಕೆ ಹಾಕಿದರೆ ಕಳೆ ತಾನೇ ಸಾಯುತ್ತೆ" ಅಂದುಕೊಂಡವರೇ ಜಾಸ್ತಿ. ತೆಳು ಹೊದಿಕೆ ಹುಟ್ಟುವ ಕಳೆಯನ್ನು ತಡೆಯುತ್ತದೆ, ಹುಟ್ಟಿದ ಕಳೆಯನ್ನಲ್ಲ. ಗರಿಕೆ, ಜೇಕು ಇದ್ದರಂತೂ ಹುಲ್ಲಿನ ಕೆಳಗೆ ಆರಾಮಾಗಿ ಬೆಳೆಯುತ್ತವೆ.

ಮೇಲುಗೊಬ್ಬರ ಕೊಡುವವರು ಈಗಲೇ ಹಸಿ ಮಣ್ಣಿಗೆ ಕೊಟ್ಟು ಮುಗಿಸಿ. ಆಮೇಲೆ ಹುಲ್ಲಿನ ಮೇಲೆ ಯೂರಿಯಾ ಎರಚಿದರೆ ಸಾಕಷ್ಟು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಒಂದು ಮಳೆಗೆ ಕಾಯಬೇಕು. ಒಣ ನೆಲಕ್ಕೆ ಹೊದಿಸಿದರೆ ಒಣಗನ್ನೇ ಮುಚ್ಚಿಟ್ಟ ಹಾಗೆ. ಮುಂದೆ ಬರುವ ಸಣ್ಣ ತುಂತುರೆಲ್ಲ ಹುಲ್ಲಿನಲ್ಲೇ ನಿಂತು ಆವಿಯಾಗುತ್ತದೆ, ಮಣ್ಣಿಗೆ ಹನಿ ಸಿಗುವುದಿಲ್ಲ.

6. ಹೊದಿಕೆ ಹಾಸುವುದು

ಬಿತ್ತಿ ಇಪ್ಪತ್ತೈದು, ಮೂವತ್ತು ದಿನ. ಪೈರು ಒಂದು ಅಡಿ ಹತ್ತಿರ ಬಂದಿದೆ. ಮಳೆ ಬಂದು ಎರಡು ದಿನ ಕಳೆದಿದೆ, ಕಾಲಿಗೆ ಮಣ್ಣು ಮೆತ್ತುತ್ತಿಲ್ಲ. ಇದೇ ಹೊತ್ತು.

ಎಲ್ಲಾ ಎಡೆಗೂ ಹಾಸಬೇಡಿ. ತೊಗರಿ ಸಾಲಿನ ಆಚೆ ಈಚೆ ಇರುವ ಎರಡು ಎಡೆಗೆ ಮಾತ್ರ ಹಾಸಿ. ತೊಗರಿ ಮೊದಲ ಒಂದೂವರೆ ತಿಂಗಳು ಸೋಮಾರಿ, ಮೇಲೇಳುವುದೇ ಇಲ್ಲ. ಹೊಲದಲ್ಲಿ ಹೆಚ್ಚು ಬಿಸಿಲು ಬೀಳುವ ಬರಿ ನೆಲ ಅದರ ಪಕ್ಕದ್ದೇ. ನವಣೆಯ ನಡುವಿನ ಎಡೆಯನ್ನು ನವಣೆಯೇ ಬೇಗ ಮುಚ್ಚಿಕೊಳ್ಳುತ್ತದೆ. ಆರು ಎಡೆಯಲ್ಲಿ ಎರಡು ಅಂದರೆ ಗುಂಟೆಗೆ 17 ಕೆಜಿ ಸಾಕು.

ಮಂಕರಿಯಲ್ಲಿ ತುಂಬಿಕೊಂಡು, ಬಗ್ಗಿ, ಕೈಯಲ್ಲಿ ಉದುರಿಸುತ್ತಾ ಹೋಗಿ. ದಪ್ಪ ಒಂದು ಇಂಚು. ನಿಂತು ನೋಡಿದರೆ ಹುಲ್ಲಿನ ನಡುವೆ ನೆಲ ಅಲ್ಲಲ್ಲಿ ಇಣುಕಬೇಕು. ನೆಲವೇ ಕಾಣದಿದ್ದರೆ ಜಾಸ್ತಿಯಾಯಿತು. ಬುಡದಿಂದ ಮೂರು ಬೆರಳು ದೂರ ಬಿಡಿ. ಬುಡಕ್ಕೆ ಒತ್ತಿ ಹಾಸಿದರೆ ಅಲ್ಲಿ ತೇವ ನಿಂತು ಕಾಂಡ ಕೊಳೆಯುತ್ತದೆ, ಗೆದ್ದಲಿಗೂ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ರವದಿ, ಹೊಟ್ಟು ಹಾರದಂತೆ ಹತ್ತಡಿಗೊಂದರಂತೆ ಹೋದ ವರ್ಷದ ತೊಗರಿ ಕಡ್ಡಿ ಅಡ್ಡ ಇಡಿ. ಸಂಜೆ ಹಾಸಿ ಸ್ವಲ್ಪ ನೀರು ಚಿಮುಕಿಸಿದರೂ ಕೂತುಕೊಳ್ಳುತ್ತದೆ.

ಎರೆ ನೆಲದವರು ಇನ್ನೂ ತೆಳ್ಳಗೆ ಹಾಸಿ. ನೀರು ನಿಲ್ಲುವ ತಗ್ಗಿನಲ್ಲಿ ಹಾಸಲೇಬೇಡಿ. ಅಲ್ಲಿ ಮೊದಲೇ ಗಾಳಿ ಕಡಿಮೆ, ಹೊದಿಕೆ ಬಿದ್ದರೆ ಬೇರು ಉಸಿರುಗಟ್ಟುತ್ತದೆ.

7. ಹುಲ್ಲೆತ್ತಿ ನೋಡುತ್ತಿರಿ

ಹತ್ತು ದಿನಕ್ಕೊಮ್ಮೆ ನಾಲ್ಕು ಕಡೆ ಹೊದಿಕೆ ಎತ್ತಿ ನೋಡಿ.

ಬಿಳಿ ಎಳೆ ಜೇಡರ ಬಲೆಯ ಹಾಗೆ ಹುಲ್ಲನ್ನು ಮಣ್ಣಿಗೆ ಹೊಲಿದಿದೆಯಾ? ಬಹಳ ಜನ ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ಅದು ಹುಲ್ಲು ಕೊಳೆಸುವ ಶಿಲೀಂಧ್ರ, ನೀವು ಬೇಡಿಕೊಂಡ ನೆಂಟನೇ. ಮುಟ್ಟಬೇಡಿ. ಎಳೆ ಹುಲ್ಲಿನಲ್ಲಿ ಇರುವುದು ಸರಿ, ಪೈರಿನ ಬುಡಕ್ಕೆ ಹತ್ತಿ ಸಾಸಿವೆಯಂಥ ಕಂದು ಗುಂಡುಗಳು ಕಂಡರೆ ಮಾತ್ರ ಅದು ಬುಡಕೊಳೆ. ಆ ಗಿಡ ಕಿತ್ತು ಹೊರಹಾಕಿ, ಅಲ್ಲಿಯ ಹೊದಿಕೆ ಸರಿಸಿ.

ಮೂಗಿಗೂ ಕೆಲಸ ಕೊಡಿ. ಮೊದಲ ಮಳೆಯ ಮಣ್ಣಿನ ವಾಸನೆ ಇದ್ದರೆ ಸರಿ. ಆ ವಾಸನೆ ಆಕ್ಟಿನೋಮೈಸಿಟ್ ಅನ್ನುವ ಸೂಕ್ಷ್ಮಜೀವಿಗಳದ್ದು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಆಡುತ್ತಿಲ್ಲ, ತಕ್ಷಣ ಹೊದಿಕೆ ತೆಳುಮಾಡಿ.

ಪೈರಿನ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆ. ಗಂಜಲಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬುಡದ ಮಣ್ಣಿಗೆ ಹಾಕಿ, ಇಲ್ಲವೇ ಹಸಿ ಸೊಪ್ಪು ಸೇರಿಸಿ. ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ಜೀವಾಮೃತ ಎಲ್ಲರೂ ಹೇಳುತ್ತಾರೆ. ನಾನೂ ಹಾಕುತ್ತೇನೆ, ಆದರೆ ಅದರಲ್ಲಿರುವ ಸಾರಜನಕ ತೀರಾ ಕಮ್ಮಿ, ಹಳದಿ ಹೋಗಿಸುವಷ್ಟಿಲ್ಲ.

ಗೆದ್ದಲು ಹುಲ್ಲು ತಿನ್ನುತ್ತಿದ್ದರೆ ತಿನ್ನಲಿ. ಹಸಿ ಪೈರು ಮುಟ್ಟಿದಾಗ ಮಾತ್ರ ಚಿಂತೆ. ಸಾಮಾನ್ಯವಾಗಿ ಅದು ಆಗುವುದು ಮಳೆ ಕೈಕೊಟ್ಟು ಹುಲ್ಲು ಪೂರ್ತಿ ಖಾಲಿಯಾದಾಗ. ಒಂದೆರಡು ಮಂಕರಿ ಹುಲ್ಲನ್ನು ಬದುವಿನ ಕಡೆ ಬೇರೆ ಹಾಕಿಟ್ಟರೆ ಗೆದ್ದಲು ಆ ಕಡೆ ತಿರುಗುತ್ತದೆ.

ನಲವತ್ತೈದನೇ ದಿನದ ಹೊತ್ತಿಗೆ ಒಂದು ತೊಗರಿ ಗಿಡವನ್ನು ಬೇರು ಹರಿಯದಂತೆ ಸಲಿಕೆಯಲ್ಲಿ ಎತ್ತಿ. ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ಗುಲಾಬಿ, ಕೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಆದರೆ ಆ ಸಾರಜನಕ ಈ ವರ್ಷದ ನವಣೆಗೆ ಸಿಗುವುದು ಬಹಳ ಸ್ವಲ್ಪ. ಸಿಗುವುದು ತೊಗರಿ ಎಲೆ ಉದುರಿ, ಬೇರು ಕೊಳೆತ ಮೇಲೆ, ಮುಂದಿನ ಬೆಳೆಗೆ. ಅಕ್ಕಡಿ ಹಾಕಿದೆ ಅಂತ ಮೊದಲ ವರ್ಷವೇ ಗೊಬ್ಬರ ಬಿಟ್ಟವರು ಕೆಟ್ಟದ್ದು ಇಲ್ಲೇ.

8. ಕೊಯ್ಲಿನ ಹೊತ್ತಿಗೆ

ನವಣೆ ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಬುಡಕ್ಕೆ ಕೊಯ್ಯಬೇಡಿ, ಗೇಣು ಕೂಳೆ ಬಿಡಿ. ಬುಡ ಕೀಳಲೂ ಬೇಡಿ. ಬೇರು ಕೊಳೆತ ಜಾಗವೇ ಮುಂದೆ ನೀರು ಇಳಿಯುವ ಕೊಳವೆ.

ತೊಗರಿ ಇನ್ನೂ ಎರಡು ಮೂರು ತಿಂಗಳು ನಿಲ್ಲುತ್ತದೆ. ಇಡೀ ಚಳಿಗಾಲ ಅದರ ಹಳದಿ ಎಲೆ ಕೂಳೆಯ ಮೇಲೆ ಉದುರುತ್ತಿರುತ್ತದೆ. ದುಡ್ಡಿಲ್ಲದ ಹೊದಿಕೆ ಅಂದರೆ ಇದೇ. ಹೊರಗಿನಿಂದ ಹುಲ್ಲು ಹೊರುವುದಕ್ಕಿಂತ ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ಎಲೆ ಗುಡಿಸಿ ಬೆಂಕಿ ಹಾಕಬೇಡಿ.

ತೊಗರಿ ಬಿಡಿಸಿದ ಮೇಲೆ ಕುರಿ ಮಂದೆ ನಿಲ್ಲಿಸುವವರು ನಿಲ್ಲಿಸಿ. ಕುರಿ ಎಲೆ ತಿನ್ನುತ್ತದೆ ನಿಜ, ಹಿಕ್ಕೆ ಗಂಜಲ ಅಲ್ಲೇ ಬಿಡುತ್ತದೆ. ಆದರೆ ಹೊರಗಿನ ಹೊದಿಕೆ ಹಾಸಿ ಆಮೇಲೆ ಮಂದೆ ಕರೆಯಬೇಡಿ, ಒಂದು ರಾತ್ರಿಯಲ್ಲಿ ಎಲ್ಲ ಖಾಲಿ. ಮೊದಲು ಮಂದೆ, ಆಮೇಲೆ ಹೊದಿಕೆ.

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತಂದು ಆಳಕ್ಕೆ ಮಗುಚುವುದನ್ನು ಪ್ರತಿ ವರ್ಷ ಮಾಡಬೇಡಿ. ಶಿಲೀಂಧ್ರದ ಬಲೆ ಹರಿಯುತ್ತದೆ, ತಂಪಲ್ಲಿದ್ದ ಜೀವ ಏಪ್ರಿಲ್ ಬಿಸಿಲಿಗೆ ಬೀಳುತ್ತದೆ. ಬಿತ್ತನೆಗೆ ಮೊದಲು ಒಂದು ಸಲ ಮೇಲೆ ಮೇಲೆ ಹರಗಿದರೆ ಸಾಕು. ಉಳಿದ ಕಸ ಅಷ್ಟರಲ್ಲಿ ಪುಡಿಯಾಗಿರುತ್ತದೆ. ಪುಡಿಯಾಗದ ದಂಟನ್ನು ಬದುವಿಗೆ ಎಳೆಯಿರಿ, ಇಲ್ಲದಿದ್ದರೆ ಕೂರಿಗೆ ತಾಳಿಗೆ ಸಿಕ್ಕಿಕೊಳ್ಳುತ್ತದೆ.

9. ಬನಿಯನ್ ತೆಗೆಯಿರಿ, ಮತ್ತೆ ಅಗೆಯಿರಿ

ಹೂಳಿದ ಅರವತ್ತು ದಿನಕ್ಕೆ, ಅಂದರೆ ಕೊಯ್ಲಿಗೆ ಮೊದಲೇ, ಎರಡೂ ಬನಿಯನ್ ಮೆಲ್ಲಗೆ ಹೊರತೆಗೆಯಿರಿ. ಹತ್ತಿ ಅಂದರೆ ಸೂಕ್ಷ್ಮಜೀವಿಗಳಿಗೆ ಊಟ. ತೂತು ತೂತಾಗಿ ಹೊಲಿಗೆ ಮಾತ್ರ ಉಳಿದಿದ್ದರೆ ಕೆಳಗೆ ಹಸಿದವರು ತುಂಬಾ ಇದ್ದಾರೆ. ತೊಳೆದು ಮತ್ತೆ ತೊಡುವ ಹಾಗಿದ್ದರೆ ಯಾರೂ ಇಲ್ಲ. ಎರಡನ್ನೂ ಬದುವಿನ ಮೇಲೆ ಪಕ್ಕ ಪಕ್ಕ ಹರಡಿ ಫೋಟೋ ತೆಗೆದಿಡಿ.

ಗುಂಡಿ, ಡಬ್ಬ, ಹೆಂಟೆ, ಈ ಮೂರು ಪರೀಕ್ಷೆಯನ್ನು ಮುಂದಿನ ಮುಂಗಾರಿಗೆ, ಮಳೆ ಬಿದ್ದು ಅಷ್ಟೇ ದಿನ ಕಳೆದ ಮೇಲೆ, ಅದೇ ಜಾಗದ ಪಕ್ಕ ಮಾಡಿ. ಜನವರಿಯಲ್ಲಿ ಅಗೆದು ಜೂನ್ ಲೆಕ್ಕಕ್ಕೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ, ಒಣಗಿದಾಗ ಎಲ್ಲವೂ ಆಳಕ್ಕೆ ಇಳಿದಿರುತ್ತವೆ. ಒಂದು ವರ್ಷಕ್ಕೆ ಹುಳದ ಎಣಿಕೆ ಏರಬಹುದು, ನೀರು ಇಂಗುವ ಹೊತ್ತು ಸ್ವಲ್ಪ ಇಳಿಯಬಹುದು. ಹೆಂಟೆ ಮಾತ್ರ ಮೊಂಡು, ಅದು ಬದಲಾಗಲು ಮೂರು ನಾಲ್ಕು ವರ್ಷ ಬೇಕು. ಎರಡನೇ ವರ್ಷ ಅಕ್ಕಡಿ ಸಾಲನ್ನು ಅದೇ ಜಾಗಕ್ಕೆ ಬಿಡದೆ ಮೂರು ಸಾಲು ಪಕ್ಕಕ್ಕೆ ಸರಿಸಿ. ಗುರುತಿಗೆ ಬದುವಿನ ಕಲ್ಲಿಗೆ ಸುಣ್ಣ ಬಳಿದಿಡಿ.